2 ಜಿಬಿ ರ್‍ಯಾಮಿನ ಹಳೆಯ ಟಚ್ ಟ್ಯಾಬಿಗೆ ಯಾವ ಹಗುರ ಸಾಫ್ಟ್‌ವೇರ್ ಹಾಕಲಿ?

ಪ್ರಶ್ನೆ

ನನ್ನ ಬಳಿ ಎಂಟಿಂಚಿನ ಹಳೆಯ ವಿಂಡೋಸ್ ಟ್ಯಾಬ್ ಒಂದಿದೆ. ಇಂಟೆಲ್ ಆಟಮ್ ಪ್ರೊಸೆಸರ್, ಬೇ ಟ್ರೇಲ್ ಕಾಲದ್ದು. 2 ಜಿಬಿ ರ್‍ಯಾಮ್, 32 ಜಿಬಿ ಸ್ಟೋರೇಜ್. ಕೀಬೋರ್ಡ್ ಇಲ್ಲ, ಬರೀ ಟಚ್. ಚಾರ್ಜಿಗೂ ಪೆನ್‌ಡ್ರೈವಿಗೂ ಸೇರಿ ಒಂದೇ ಮೈಕ್ರೋ ಯುಎಸ್‌ಬಿ. ವಿಂಡೋಸ್ 10 ತೆವಳುತ್ತಿದೆ, ಡಿಸ್ಕಿನಲ್ಲಿ ಜಾಗವೂ ಉಳಿದಿಲ್ಲ. ಪಿಡಿಎಫ್, ಇ-ಪುಸ್ತಕ ಓದಬೇಕು. ಸ್ವಲ್ಪ ವೆಬ್, ಆಗಾಗ ವಿಡಿಯೋ, ಕನ್ನಡದಲ್ಲಿ ಟಿಪ್ಪಣಿ. ಆಟಗೀಟ ಏನೂ ಬೇಡ. ಹಗುರವಾದ ಲಿನಕ್ಸ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಯಾವುದು ಹಾಕಲಿ, ಅದರ ಮೇಲೆ ಏನೇನು? ಇಂಥದ್ದನ್ನು ಬಳಸಿದವರು ದಯವಿಟ್ಟು ಹೇಳಿ.

ಒಂದನೇ ಉತ್ತರ

ಇದೇ ಕಾಲದ ಟ್ಯಾಬ್ ಒಂದನ್ನು ನಾನು ಇವತ್ತಿಗೂ ಓದಲು ಬಳಸುತ್ತೇನೆ. ಮೊದಲೇ ಹೇಳಿಬಿಡುತ್ತೇನೆ: ಯಾವ ಲಿನಕ್ಸ್, ಯಾವ ಡೆಸ್ಕ್‌ಟಾಪ್ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳಬೇಡಿ. ಹಗುರ ಡೆಸ್ಕ್‌ಟಾಪುಗಳ ನಡುವಿನ ವ್ಯತ್ಯಾಸ ಸಣ್ಣದು. ಇಷ್ಟು ರ್‍ಯಾಮಿನಲ್ಲಿ ಅನುಭವವನ್ನು ಕೆಡಿಸುವುದು ಅಥವಾ ಉಳಿಸುವುದು ಬ್ರೌಸರ್ ಮತ್ತು ಪರದೆಯ ಮೇಲಿನ ಕೀಬೋರ್ಡ್. ಆರಿಸುವ ಶ್ರಮವನ್ನೆಲ್ಲ ಅಲ್ಲಿ ಹಾಕಿ.

ವಿಂಡೋಸ್‌ನಲ್ಲೇ ಉಳಿಯೋಣ ಅನ್ನುವಂತಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11ಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಸ್ಟೋರೇಜ್ ಬೇಕು. ನಿಮ್ಮದರಲ್ಲಿ ಎರಡೂ ಇಲ್ಲ.

ಆದರೆ ಅದನ್ನು ಅಳಿಸುವ ಮುಂಚೆ ಒಂದು ಕೆಲಸ ಮಾಡಿ. ವಿಂಡೋಸ್‌ನ ಡ್ರೈವರ್ ಫೋಲ್ಡರನ್ನು ಪೂರ್ತಿ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ. ಈ ಟ್ಯಾಬುಗಳಲ್ಲಿ ಕೆಲವಕ್ಕೆ ಸಿಲೀಡ್ ಕಂಪನಿಯ ಟಚ್ ಚಿಪ್ ಇರುತ್ತದೆ. ಆ ಚಿಪ್‌ಗೆ ಪ್ರತಿ ಮಾಡೆಲಿಗೂ ಬೇರೆ ಫರ್ಮ್‌ವೇರ್ (ಚಿಪ್ ಒಳಗೆ ಓಡುವ ಪುಟ್ಟ ಸಾಫ್ಟ್‌ವೇರ್) ಬೇಕು. ಅದು ಸಿಗುವುದು ಮೂಲ ಡ್ರೈವರಿನ ಒಳಗೇ. ಗೂಡಿಕ್ಸ್ ಚಿಪ್ ಇದ್ದರೆ ನಿಮ್ಮ ಅದೃಷ್ಟ, ಸಾಮಾನ್ಯವಾಗಿ ಹಾಕಿದ ಕೂಡಲೇ ಕೆಲಸ ಮಾಡುತ್ತದೆ.

ಬೇ ಟ್ರೇಲ್‌ನಲ್ಲಿ ಇನ್ನೊಂದು ಕಿರಿಕಿರಿ ಇದೆ. ಪ್ರೊಸೆಸರ್ 64 ಬಿಟ್, ಆದರೆ ಬಹಳಷ್ಟು ಟ್ಯಾಬುಗಳಲ್ಲಿ ಯುಇಎಫ್‌ಐ (ಯಂತ್ರವನ್ನು ಮೊದಲು ಎಬ್ಬಿಸುವ ಸಾಫ್ಟ್‌ವೇರ್) ಮಾತ್ರ 32 ಬಿಟ್. ಹಾಗಾಗಿ ಎಷ್ಟೋ ಲಿನಕ್ಸ್ ಪೆನ್‌ಡ್ರೈವುಗಳನ್ನು ಟ್ಯಾಬ್ ಕಣ್ಣೆತ್ತಿಯೂ ನೋಡುವುದಿಲ್ಲ. ಪೆನ್‌ಡ್ರೈವ್ ಕೆಟ್ಟಿದೆ ಅಂದುಕೊಂಡು ಜನ ಸುಮ್ನೆ ಮತ್ತೆ ಮತ್ತೆ ಬರೆಯುತ್ತಾ ಕೂರುತ್ತಾರೆ. ಡೆಬಿಯನ್ ಎಂಬ ಲಿನಕ್ಸ್ ಈ ಜೋಡಿಯನ್ನು 2015ರ ಎಂಟನೇ ಆವೃತ್ತಿಯಿಂದಲೇ ನಿಭಾಯಿಸುತ್ತಿದೆ. ಮೇಲಾಗಿ 12ನೇ ಆವೃತ್ತಿಯಿಂದ ವೈಫೈ ಮುಂತಾದವುಗಳ ಫರ್ಮ್‌ವೇರ್ ಕೂಡ ಡೆಬಿಯನ್ನಿನ ಅಧಿಕೃತ ಇನ್‌ಸ್ಟಾಲರಿನಲ್ಲೇ ಬರುತ್ತದೆ. ಈ ಎರಡು ಕಾರಣಕ್ಕೆ ನನ್ನ ಓಟು ಡೆಬಿಯನ್‌ಗೆ. ಹಾಕುವಾಗ ಓಟಿಜಿ ಕೇಬಲ್, ಒಂದು ಯುಎಸ್‌ಬಿ ಹಬ್, ಕೀಬೋರ್ಡ್ ಬೇಕೇ ಬೇಕು. ಚಾರ್ಜಿನ ಕಿಂಡಿಗೇ ಹಬ್ ಕೂರುವುದರಿಂದ ಮೊದಲು ಬ್ಯಾಟರಿ ಪೂರ್ತಿ ತುಂಬಿಸಿಕೊಳ್ಳಿ.

ಡೆಸ್ಕ್‌ಟಾಪ್: ಎಲ್‌ಎಕ್ಸ್‌ಕ್ಯೂಟಿ ಅಥವಾ ಎಕ್ಸ್‌ಎಫ್‌ಸಿಇ, ಎರಡರಲ್ಲಿ ಯಾವುದಾದರೂ ಆಗುತ್ತದೆ. ಇವೆರಡನ್ನೂ ಮೌಸ್ ಇಟ್ಟುಕೊಂಡವರಿಗಾಗಿ ಮಾಡಿದ್ದು. ಕಿಟಕಿಯ ಅಂಚು ಎಷ್ಟು ತೆಳುವೆಂದರೆ ಬೆರಳಿಗೆ ಸಿಗುವುದೇ ಇಲ್ಲ. ಅಂಚು ಹಿಡಿಯುವ ಪ್ರಮೇಯವೇ ಬರದ ಹಾಗೆ ಮಾಡಿಕೊಳ್ಳುವುದು ಸುಲಭ. ಎಲ್‌ಎಕ್ಸ್‌ಕ್ಯೂಟಿ ಜೊತೆ ಕಿಟಕಿಗಳನ್ನು ನಿಭಾಯಿಸಲು ಬಳಸುವ ಓಪನ್‌ಬಾಕ್ಸ್‌ನ ಸೆಟ್ಟಿಂಗ್ ಫೈಲಿನಲ್ಲಿ ಎಲ್ಲ ಕಿಟಕಿಗಳೂ ಪೂರ್ತಿ ಪರದೆಗೆ, ತಲೆಪಟ್ಟಿ ಇಲ್ಲದೆ ತೆರೆಯಲಿ ಎಂದು ಒಂದು ನಿಯಮ ಬರೆಯಬಹುದು. ಕೆಳಗಿನ ಪ್ಯಾನೆಲ್ ಎತ್ತರ ಮಾಡಿ. ಅದರ ಮೇಲೆ ಕಿಟಕಿ ಬದಲಿಸುವ, ಮುಚ್ಚುವ, ಕೀಬೋರ್ಡ್ ತರುವ ಬಟನ್ ಇಡಿ. ಎಂಟಿಂಚಿನಲ್ಲಿ ಎರಡು ಕಿಟಕಿ ಅಕ್ಕಪಕ್ಕ ಇಟ್ಟುಕೊಂಡು ಯಾರು ಕೆಲಸ ಮಾಡುತ್ತಾರೆ, ಅಲ್ವಾ? ನೋಕಿಯಾದ ಹಳೆಯ ಇಂಟರ್ನೆಟ್ ಟ್ಯಾಬ್ಲೆಟ್‌ಗಳಲ್ಲಿದ್ದ ಮ್ಯಾಚ್‌ಬಾಕ್ಸ್ ಕೂಡ ಹೀಗೇ, ಒಂದು ಸಲಕ್ಕೆ ಒಂದೇ ಕಿಟಕಿ.

ಇನ್ನು ಬ್ರೌಸರ್. ಇಲ್ಲಿ ಹಗುರ ಎಂಬ ಮಾತಿಗೆ ಮರುಳಾಗಬೇಡಿ. ಡಿಲ್ಲೋ ನಿಜಕ್ಕೂ ಹಗುರ, ಕಣ್ಣು ಮಿಟುಕಿಸುವುದರಲ್ಲಿ ತೆರೆಯುತ್ತದೆ. ಆದರೆ ಜಾವಾಸ್ಕ್ರಿಪ್ಟ್ ಇಲ್ಲ, ಕನ್ನಡದ ಒತ್ತಕ್ಷರಗಳೂ ಬಿಡಿಬಿಡಿಯಾಗಿ ಕಾಣುತ್ತವೆ. ನೆಟ್‌ಸರ್ಫ್‌ನ ಜಿಟಿಕೆ ಆವೃತ್ತಿಯಲ್ಲಿ ಅಕ್ಷರ ಸರಿಯಾಗಿ ಕೂಡುತ್ತವೆ, ಆದರೆ ಇವತ್ತಿನ ಬಹುಪಾಲು ಪುಟಗಳು ಅದರಲ್ಲಿ ಅರ್ಧಂಬರ್ಧ. ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಫೈರ್‌ಫಾಕ್ಸ್ ಇಎಸ್‌ಆರ್ ಬಳಿಗೇ. ಅದಕ್ಕೆ ಯುಬ್ಲಾಕ್ ಆರಿಜಿನ್ ಹಾಕಿ. ಜಾಹೀರಾತು ಮತ್ತು ಟ್ರ್ಯಾಕರ್ ಸ್ಕ್ರಿಪ್ಟುಗಳು ನಿಂತರೆ ಎಷ್ಟೋ ರ್‍ಯಾಮ್ ಉಳಿಯುತ್ತದೆ. ಇಂಥ ಯಂತ್ರಕ್ಕೆ ಇದಕ್ಕಿಂತ ದೊಡ್ಡ ವೇಗವರ್ಧಕ ನನಗೆ ಗೊತ್ತಿಲ್ಲ. ಓದುವ ಪುಟಕ್ಕೆ ರೀಡರ್ ವ್ಯೂ ಬಳಸಿ. ಬ್ರೌಸರಿನ ಟ್ಯಾಬುಗಳನ್ನು ಮೂರು ನಾಲ್ಕಕ್ಕಿಂತ ಜಾಸ್ತಿ ತೆರೆದಿಡಬೇಡಿ. ಬೆರಳಿನಿಂದ ಎಳೆದಾಗ ಪುಟ ಜರುಗುವ ಬದಲು ಅಕ್ಷರ ಆಯ್ಕೆಯಾದರೆ ಫೈರ್‌ಫಾಕ್ಸ್ ಟಚ್ ಅನ್ನು ಮೌಸ್ ಎಂದು ತಿಳಿದಿದೆ ಎಂದರ್ಥ. ಎಕ್ಸ್‌ಇನ್‌ಪುಟ್ 2 ಬಳಸು ಎಂದು ಹೇಳುವ ಎನ್ವಿರಾನ್‌ಮೆಂಟ್ ವೇರಿಯಬಲ್ ಒಂದಿದೆ, ಅದನ್ನು ಹಾಕಿದರೆ ಸರಿಹೋಗುತ್ತದೆ.

ಝಡ್‌ರ್‍ಯಾಮ್ ಮರೆಯಬೇಡಿ. ಸದ್ಯಕ್ಕೆ ಬಳಕೆಯಲ್ಲಿಲ್ಲದ ಮಾಹಿತಿಯನ್ನು ರ್‍ಯಾಮಿನಲ್ಲೇ ಹಿಂಡಿ ಇಡುವ ವ್ಯವಸ್ಥೆ ಅದು. ಸಾಮಾನ್ಯವಾಗಿ ಎರಡು ಮೂರು ಪಟ್ಟು ಹಿಂಡುತ್ತದೆ. ಡೆಬಿಯನ್‌ನಲ್ಲಿ ಝಡ್‌ರ್‍ಯಾಮ್-ಟೂಲ್ಸ್ ಪ್ಯಾಕೇಜ್ ಹಾಕಿದರೆ ಆಯಿತು. ಒಳಗಿನ ಇಎಂಎಂಸಿ ಚಿಪ್ ಮೇಲೆ ಸ್ವಾಪ್ (ರ್‍ಯಾಮ್ ಸಾಲದಾಗ ಬಳಸುವ ಜಾಗ) ಇಟ್ಟರೆ ನಿಧಾನವೂ ಹೌದು, ಚಿಪ್ ಸವೆಯುವುದೂ ಹೌದು.

ಕ್ಯಾಮೆರಾ ಕೆಲಸ ಮಾಡುತ್ತದೆ ಅಂತ ನೆಚ್ಚಿಕೊಳ್ಳಬೇಡಿ.

ಎರಡನೇ ಉತ್ತರ

ಮೇಲಿನವರು ಹೇಳಿದ್ದರಲ್ಲಿ ಬ್ರೌಸರ್ ವಿಷಯ ನೂರಕ್ಕೆ ನೂರು ನಿಜ. ಡೆಸ್ಕ್‌ಟಾಪ್ ವಿಷಯದಲ್ಲಿ ಮಾತ್ರ ನನ್ನದು ಬೇರೆ ಅಭಿಪ್ರಾಯ. ಮೌಸಿನ ಡೆಸ್ಕ್‌ಟಾಪನ್ನು ಬೆರಳಿಗೆ ಬಗ್ಗಿಸುವ ಬದಲು ಬೆರಳಿಗೆಂದೇ ಮಾಡಿದ್ದನ್ನು ಹಾಕಿದರೆ ಆಗದೇ? ಫಾಶ್ ನೋಡಿ. ಲಿನಕ್ಸ್ ಫೋನುಗಳಿಗೆ ಮಾಡಿದ್ದು. ಪೈನ್‌ಫೋನಿನ 2 ಜಿಬಿ ಮಾದರಿಯಲ್ಲೂ ಓಡುತ್ತದೆ, ಅದರ ಪ್ರೊಸೆಸರ್ ಏನೂ ಬಲಶಾಲಿಯಲ್ಲ. ಕೀಬೋರ್ಡ್ ತಾನಾಗಿ ಮೇಲೆ ಬರುತ್ತದೆ, ಪರದೆ ತಿರುಗಿಸಿದರೆ ತಿರುಗುತ್ತದೆ, ಬಟನ್ ದೊಡ್ಡವು. ಫೈರ್‌ಫಾಕ್ಸ್‌ನಲ್ಲಿ ಟಚ್‌ಗಾಗಿ ಬೇರೆ ಸೆಟ್ಟಿಂಗ್ ಬೇಕಿಲ್ಲ, ಏಕೆಂದರೆ ಇದು ವೇಲ್ಯಾಂಡ್ ಎಂಬ ಹೊಸ ಪರದೆ ವ್ಯವಸ್ಥೆಯ ಮೇಲೆ ನಡೆಯುತ್ತದೆ. ಡೆಬಿಯನ್‌ನಲ್ಲೇ ಪ್ಯಾಕೇಜ್ ಇದೆ. ಹೌದು, ಓಪನ್‌ಬಾಕ್ಸ್‌ಗಿಂತ ಜಾಸ್ತಿ ರ್‍ಯಾಮ್ ತಿನ್ನುತ್ತದೆ. ಆದರೆ ದಿನಾ ಅಂಚು ಹಿಡಿಯಲು ಪರದಾಡುವವರಿಗೆ ಆ ಬೆಲೆ ಕೊಡಬಹುದು ಅನಿಸುತ್ತದೆ.

ಒಂದು ಮಾತು: ಇದಕ್ಕೆ ಗ್ರಾಫಿಕ್ಸ್ ಸರಿಯಾಗಿ ಕೆಲಸ ಮಾಡಲೇಬೇಕು. ಬೇ ಟ್ರೇಲ್‌ನಲ್ಲಿ ಇಂಟೆಲ್ ತನ್ನದೇ ಗ್ರಾಫಿಕ್ಸ್ ಹಾಕಿದೆ, ಹಾಗಾಗಿ ನಿಮಗೆ ತೊಂದರೆ ಇಲ್ಲ.

ಮೂರನೇ ಉತ್ತರ

ಗ್ರಾಫಿಕ್ಸ್ ಮಾತು ಬಂತಲ್ಲ, ಅದಕ್ಕೂ ಹಳೆಯ ಯಂತ್ರ ಇಟ್ಟುಕೊಂಡವರಿಗಾಗಿ ಬರೆಯುತ್ತಿದ್ದೇನೆ. ನನ್ನದು ಆಟಮ್ ಝಡ್ ಸರಣಿಯ ಮೊದಲ ತಲೆಮಾರು, 1 ಜಿಬಿ ರ್‍ಯಾಮ್. ಅದರಲ್ಲಿರುವುದು ಜಿಎಂಎ 500. ಹೆಸರು ಇಂಟೆಲ್‌ನದ್ದು, ಒಳಗಿನ ವಿನ್ಯಾಸ ಪವರ್‌ವಿಆರ್‌ನದ್ದು. ಲಿನಕ್ಸ್ ಕರ್ನಲ್‌ನ ಡ್ರೈವರ್ ಚಿತ್ರ ತೋರಿಸುತ್ತದೆ ಅಷ್ಟೇ, 3ಡಿ ವೇಗ ಸಿಗುವುದಿಲ್ಲ. ಫಾಶ್ ಗೀಶ್ ಇಲ್ಲಿ ನಡೆಯುವ ಮಾತಲ್ಲ. ನಾನು ಆಂಟಿಎಕ್ಸ್ ಎಂಬ ಹಗುರ ಲಿನಕ್ಸ್ ಹಾಕಿ, ಅದರ ಐಸ್‌ಡಬ್ಲ್ಯೂಎಂನಲ್ಲಿ ದೊಡ್ಡ ಬಟನ್‌ಗಳ ಥೀಮ್ ಇಟ್ಟುಕೊಂಡಿದ್ದೇನೆ. ಪಪ್ಪಿಯೂ ಚೆನ್ನಾಗಿ ಓಡುತ್ತದೆ. ಅದು ಪೂರ್ತಿ ರ್‍ಯಾಮಿಗೇ ಏರಿ ಕೂರುವುದರಿಂದ ನಿಧಾನದ ಸ್ಟೋರೇಜ್ ಇದ್ದರೂ ಚುರುಕು. ಟೈನಿ ಕೋರ್ ಎಲ್ಲಕ್ಕಿಂತ ಪುಟ್ಟದು, ಆದರೆ ಪ್ರತಿಯೊಂದನ್ನೂ ಕೈಯಾರೆ ಜೋಡಿಸಿಕೊಳ್ಳಬೇಕು. ಹವ್ಯಾಸಕ್ಕೆ ಸರಿ, ಓದುವ ಯಂತ್ರಕ್ಕೆ ಅಲ್ಲ.

ಪ್ರೊಸೆಸರೇ 32 ಬಿಟ್ ಇರುವವರು ಗಮನಿಸಿ: 2025ರಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ. 12ರಲ್ಲೇ ನಿಲ್ಲಬೇಕು. ಪ್ರಶ್ನೆ ಕೇಳಿದವರಿಗೆ ಈ ಚಿಂತೆ ಇಲ್ಲ, 64 ಬಿಟ್ ಆವೃತ್ತಿಯನ್ನೇ ಹಾಕಿ.

ನಾಲ್ಕನೇ ಉತ್ತರ

ಓದುವುದು ಮುಖ್ಯ ಅಂದಿರಲ್ಲ, ಅದರ ಬಗ್ಗೆ ಯಾರೂ ಹೇಳಿಲ್ಲ.

ಹಗುರ ಪಿಡಿಎಫ್ ರೀಡರ್ ಅಂತ ಹುಡುಕಿದರೆ ಮೊದಲು ಬರುವುದು ಮ್ಯೂಪಿಡಿಎಫ್ ಮತ್ತು ಜತುರಾ. ಎರಡೂ ಬಹಳ ವೇಗ. ಆದರೆ ಎರಡನ್ನೂ ನಡೆಸುವುದು ಕೀಬೋರ್ಡಿನ ಅಕ್ಷರಗಳಿಂದ. ಬಟನ್‌ಗಳ ಸಾಲೇ ಇಲ್ಲ. ಪುಟ ತಿರುಗಿಸಲು ಪರದೆಯ ಕೀಬೋರ್ಡ್ ಕರೆಯುವುದೆಂದರೆ ಅರ್ಧ ಪುಟ ಮುಚ್ಚಿದ ಹಾಗೆ. ನನ್ನ ಆಯ್ಕೆ ಕೋರೀಡರ್. ಇ-ಇಂಕ್ ಓದುಗಗಳಿಗೆ ಹುಟ್ಟಿದ್ದು, ಲಿನಕ್ಸ್‌ನಲ್ಲೂ ಓಡುತ್ತದೆ. ಅಂಚಿನಲ್ಲಿ ತಟ್ಟಿದರೆ ಪುಟ ತಿರುಗುತ್ತದೆ, ಮೇಲೆ ತಟ್ಟಿದರೆ ಮೆನು. ಇಪಬ್, ಪಿಡಿಎಫ್, ಡೇಜಾವು ಎಲ್ಲ ತೆರೆಯುತ್ತದೆ. ದೊಡ್ಡ ಪುಟದ ಪಿಡಿಎಫ್‌ನ ಬಿಳಿ ಅಂಚನ್ನು ತಾನೇ ಕತ್ತರಿಸುತ್ತದೆ. ಎಂಟಿಂಚಿನಲ್ಲಿ ಇದೊಂದೇ ಕಣ್ಣಿಗೆ ಎಷ್ಟೋ ಹಿತ. ಕನ್ನಡ ಇಪಬ್‌ಗೆ ನೋಟೋ ಸಾನ್ಸ್ ಕನ್ನಡ ಅಥವಾ ನೋಟೋ ಸೆರಿಫ್ ಕನ್ನಡ ಫಾಂಟನ್ನು ಅದರ ಫಾಂಟ್ ಫೋಲ್ಡರಿಗೆ ಹಾಕಿ. ಕರ್ನಿಂಗ್ ಸೆಟ್ಟಿಂಗ್ 'ಬೆಸ್ಟ್' ಎಂದಿದೆಯೇ ನೋಡಿಕೊಳ್ಳಿ, ಒತ್ತಕ್ಷರ ಸರಿಯಾಗಿ ಕೂರುವುದು ಅದರಿಂದ.

ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳ ಪಿಡಿಎಫ್ ಮಾತ್ರ ಯಾವ ರೀಡರಿನಲ್ಲೂ ಏದುಸಿರು ಬಿಡಬಹುದು. ಒಳಗಿನ ಚಿತ್ರಗಳು ಜೆಪೆಗ್ 2000 ರೂಪದಲ್ಲಿದ್ದರೆ ಪ್ರತಿ ಪುಟ ಬಿಡಿಸಲೂ ಪ್ರೊಸೆಸರಿಗೆ ತುಂಬಾ ಕೆಲಸ. ಅದು ರೀಡರಿನ ತಪ್ಪಲ್ಲ. ಅದೇ ಪುಸ್ತಕ ಡೇಜಾವು ರೂಪದಲ್ಲಿ ಸಿಕ್ಕರೆ ಅದನ್ನೇ ಇಳಿಸಿಕೊಳ್ಳಿ. ಇಲ್ಲವಾದರೆ ದೊಡ್ಡ ಕಂಪ್ಯೂಟರಿನಲ್ಲಿ ಒಮ್ಮೆ ಸಾಧಾರಣ ಜೆಪೆಗ್‌ಗೆ ಬದಲಿಸಿಕೊಂಡು ತನ್ನಿ.

ಐದನೇ ಉತ್ತರ

ವಿಡಿಯೋ ಬಗ್ಗೆ ಚುಟುಕಾಗಿ. ಬೇ ಟ್ರೇಲ್ ಚಿಪ್ ಎಚ್.264 ವಿಡಿಯೋವನ್ನು ಹಾರ್ಡ್‌ವೇರಿನಲ್ಲೇ ಬಿಡಿಸುತ್ತದೆ. ವಿಪಿ9, ಎವಿ1 ಎಂಬ ಹೊಸ ವಿಡಿಯೋ ರೂಪಗಳು ಅದಕ್ಕೆ ಗೊತ್ತಿಲ್ಲ. ಯೂಟ್ಯೂಬ್ ಬಹಳ ಸಲ ಕೊಡುವುದು ಈ ಎರಡನ್ನೇ. ಆಗ ಇಡೀ ಭಾರ ಪ್ರೊಸೆಸರಿನ ಮೇಲೆ ಬಿದ್ದು ಚಿತ್ರ ಮುಗ್ಗರಿಸುತ್ತದೆ. ಬ್ರೌಸರಿಗೆ ಎಚ್264ಇಫೈ ಎಂಬ ಎಕ್ಸ್‌ಟೆನ್ಷನ್ ಹಾಕಿ, ಎಚ್.264 ಮಾತ್ರ ಕೊಡು ಎಂದು ಅದು ಕೇಳುತ್ತದೆ. ಫೈಲು ನಿಮ್ಮ ಬಳಿಯೇ ಇದ್ದರೆ ಎಂಪಿವಿ ಪ್ಲೇಯರ್ ಬಳಸಿ, ಹಾರ್ಡ್‌ವೇರ್ ಡಿಕೋಡಿಂಗ್ ಆನ್ ಮಾಡಿ. ಅದಕ್ಕೆ ಇಂಟೆಲ್‌ನ ಹಳೆಯ ವಿಎಎಪಿಐ ಡ್ರೈವರ್ ಬೇಕು, ಹೆಸರಿನಲ್ಲಿ ಐ965 ಎಂದಿರುತ್ತದೆ. ಹೊಸದರ ಹಿಂದೆ ಹೋಗಬೇಡಿ, ಅದು ನಿಮ್ಮ ಚಿಪ್ಪನ್ನು ಗುರುತಿಸುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಡ್ರೈವರ್ ಫೋಲ್ಡರ್ ನಕಲು ಮಾಡಿಟ್ಟೆ. ಡೆಬಿಯನ್ ಲೈವ್ ಪೆನ್‌ಡ್ರೈವಿನಿಂದ ಏಳುತ್ತದೆ, ಟಚ್ ಕೂಡ ಬರುತ್ತಿದೆ. ಎರಡು ತೊಡಕು. ಒಂದು, ಬೂಟ್ ಆಗುವಾಗಿನ ಅಕ್ಷರಗಳು ಅಡ್ಡಡ್ಡ ಮಲಗಿವೆ. ಎಕ್ಸ್‌ಎಫ್‌ಸಿಇಯಲ್ಲಿ ಪರದೆ ತಿರುಗಿಸಿದರೆ ಚಿತ್ರ ತಿರುಗುತ್ತದೆ, ಆದರೆ ಒತ್ತಿದ್ದು ಒಂದು ಕಡೆ, ತಟ್ಟುವುದು ಇನ್ನೊಂದು ಕಡೆ. ಎರಡು, ಕನ್ನಡ ಟೈಪಿಂಗ್. ಯಾವ ಕೀಬೋರ್ಡ್?

ಒಂದನೇ ಉತ್ತರ ಬರೆದವರು

ಟೈಪಿಂಗ್ ಮೊದಲು ಹೇಳುತ್ತೇನೆ. ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿಯಲ್ಲೇ ಉಳಿದರೆ ಆನ್‌ಬೋರ್ಡ್ ಎಂಬ ಪರದೆಯ ಕೀಬೋರ್ಡ್ ಹಾಕಿ. ಸಿಸ್ಟಮ್ಮಿನ ಕೀಬೋರ್ಡ್ ಲೇಔಟ್ ಬದಲಿಸಿದರೆ ಅದರ ಕೀಲಿಗಳ ಮೇಲಿನ ಅಕ್ಷರವೂ ಬದಲಾಗುತ್ತದೆ. ಕನ್ನಡ ಕಗಪ ಲೇಔಟ್ ಲಿನಕ್ಸ್‌ನಲ್ಲಿ ಮೊದಲೇ ಇರುತ್ತದೆ, ಲೇಔಟ್ ಪಟ್ಟಿಯಲ್ಲಿ ಸೇರಿಸಿಕೊಂಡರೆ ಸಾಕು. ಯಾವ ಕೀಲಿಯಲ್ಲಿ ಯಾವ ಅಕ್ಷರ ಅಂತ ಕಣ್ಣೆದುರೇ ಕಾಣುವುದರಿಂದ ಕಗಪ ಗೊತ್ತಿಲ್ಲದವರೂ ಬೇಗ ರೂಢಿಸಿಕೊಳ್ಳಬಹುದು. ಆನ್‌ಬೋರ್ಡನ್ನು ಪರದೆಯ ತಳಕ್ಕೆ ಡಾಕ್ ಮಾಡಿ, ಆಗ ಬೇರೆ ಕಿಟಕಿ ತಾನಾಗಿ ಮೇಲೆ ಸರಿಯುತ್ತದೆ, ಬರೆಯುವ ಸಾಲು ಮುಚ್ಚಿಹೋಗುವುದಿಲ್ಲ. ಟಿಪ್ಪಣಿಗೆ ಮೌಸ್‌ಪ್ಯಾಡ್ ಅಥವಾ ಫೆದರ್‌ಪ್ಯಾಡ್ ಸಾಕು. ಎಕ್ಸ್‌ಟರ್ಮ್ ತೆರೆದು ಅದರಲ್ಲಿ ಕನ್ನಡ ಬರೆಯಲು ಹೋಗಬೇಡಿ, ಅಕ್ಷರ ಕೂಡುವುದಿಲ್ಲ. ಫಾಶ್ ಆರಿಸಿದರೆ ಆನ್‌ಬೋರ್ಡ್ ಲೆಕ್ಕಕ್ಕಿಲ್ಲ, ಅದು ಎಕ್ಸ್‌11 ಎಂಬ ಹಳೆಯ ಪರದೆ ವ್ಯವಸ್ಥೆಗೆ ಮಾಡಿದ್ದು. ನಿಮಗೆ ಕನ್ನಡ ಟೈಪಿಂಗ್ ಬೇಕಾಗಿರುವುದರಿಂದಲೇ ನಾನು ಇನ್ನೂ ಎಕ್ಸ್‌ಎಫ್‌ಸಿಇ ಪರ.

ಇನ್ನು ತಿರುಗಿದ ಪರದೆ. ಇದು ಕೆಟ್ಟದ್ದಲ್ಲ. ಎಂಟಿಂಚಿನ ಟ್ಯಾಬುಗಳಲ್ಲಿ ಪ್ಯಾನೆಲ್ ಹುಟ್ಟಿನಿಂದಲೇ ನಿಲುವು, 800 ಅಗಲ, 1280 ಎತ್ತರ. ಬೂಟ್ ಅಕ್ಷರಗಳನ್ನು ನೆಟ್ಟಗೆ ಮಾಡಲು ಗ್ರಬ್‌ನ (ಲಿನಕ್ಸನ್ನು ಎಬ್ಬಿಸುವ ಬೂಟ್ ಲೋಡರ್) ಕರ್ನಲ್ ಸಾಲಿಗೆ ಎಫ್‌ಬಿಕಾನ್ ರೊಟೇಟ್ ಆಯ್ಕೆ ಸೇರಿಸಿ. 1 ಕೊಟ್ಟು ನೋಡಿ, ತಲೆಕೆಳಗಾದರೆ 3. ಟಚ್ ವಿಷಯಕ್ಕೆ ಬಂದರೆ, ಎಕ್ಸ್11ನಲ್ಲಿ ಪರದೆ ತಿರುಗಿಸಿದ ಮಾತ್ರಕ್ಕೆ ಟಚ್ ತಾನಾಗಿ ತಿರುಗುವುದಿಲ್ಲ. ಎಕ್ಸ್‌ಇನ್‌ಪುಟ್ ಆಜ್ಞೆಯಲ್ಲಿ ಟಚ್ ಸಾಧನಕ್ಕೆ ಕೋಆರ್ಡಿನೇಟ್ ಟ್ರಾನ್ಸ್‌ಫರ್ಮೇಶನ್ ಮ್ಯಾಟ್ರಿಕ್ಸ್ ಕೊಡಬೇಕು. ಬಲಕ್ಕೆ ತಿರುಗಿಸಿದ್ದರೆ ಒಂಬತ್ತು ಅಂಕಿಗಳು ಹೀಗೆ: 0 1 0, -1 0 1, 0 0 1. ಎಡಕ್ಕಾದರೆ 0 -1 1, 1 0 0, 0 0 1. ಮಧ್ಯದ ಅಲ್ಪವಿರಾಮಗಳು ಓದಲು ಹಾಕಿದ್ದು, ಆಜ್ಞೆಯಲ್ಲಿ ಬೇಡ. ಲಾಗಿನ್ ಆದಾಗ ತಾನಾಗಿ ಓಡುವಂತೆ ಪರದೆ ತಿರುಗಿಸುವ ಮತ್ತು ಟಚ್ ತಿರುಗಿಸುವ ಎರಡೂ ಆಜ್ಞೆಗಳನ್ನು ಒಂದೇ ಸ್ಕ್ರಿಪ್ಟಿನಲ್ಲಿಟ್ಟು, ಪ್ಯಾನೆಲ್ ಮೇಲೆ ಅದಕ್ಕೊಂದು ಬಟನ್ ಕೊಡಿ. ಪುಸ್ತಕ ಓದುವಾಗ ನಿಲುವು, ಬರೆಯುವಾಗ ಅಡ್ಡ ಬೇಕಾಗುತ್ತದೆ.