ಹಿಂದಿನ ಗಾಜಿನ ಕಪ್ಪು ಚುಕ್ಕೆ ಮೇಲೆ ಫಿಲ್ಮ್ ಕೂರುತ್ತಿಲ್ಲ, ಏನು ಮಾಡಲಿ?

ಕೇಳಿದವರು, ಕಲಬುರಗಿ:

ಈಚೆಗೆ ಒಂದು ಹಳೇ ಕಾರು ತಗೊಂಡೆ. ಬಿಸಿಲು ತಡೆಯಲಾಗದೆ ಎಲ್ಲ ಗಾಜಿಗೂ ಸನ್ ಫಿಲ್ಮ್ ಹಾಕಿಸಿದೆ. ಬಾಗಿಲ ಗಾಜಿಗೆ ಚೆನ್ನಾಗಿ ಕೂತಿದೆ. ಹಿಂದಿನ ಗಾಜಿನ ಅಂಚಿಗೆ ಕಪ್ಪು ಚುಕ್ಕೆಗಳಿರುತ್ತವಲ್ಲ, ಅಲ್ಲಿ ಮಾತ್ರ ಎರಡು ಬೆರಳಗಲ ಬೂದಿ ಬಳಿದ ಹಾಗೆ ಬೆಳ್ಳಗೆ ಕಾಣುತ್ತದೆ. ಅಂಗಡಿಯವರು "ಒಣಗಿದರೆ ಹೋಗುತ್ತದೆ ಸರ್" ಅಂದರು. 20 ದಿನ ಆಯಿತು, ಹಾಗೇ ಇದೆ. ಕಿತ್ತು ಮತ್ತೆ ಹಾಕಿಸಬೇಕಾ? ಅನುಭವ ಇದ್ದವರು ಹೇಳ್ರಿ.

ಜೇವರ್ಗಿ ರಸ್ತೆಯಿಂದ:

ಅಣ್ಣಾ, ಕೀಳಬೇಡಿ. ನಾನು ಕಿತ್ತು ಅನುಭವಿಸಿದ್ದೇನೆ.

ಮೊದಲು ಆ ಚುಕ್ಕೆ ಏನು ಅಂತ ತಿಳಿದುಕೊಳ್ಳಿ. ಅದು ಸ್ಟಿಕರ್ ಅಲ್ಲ. ಕಾರ್ಖಾನೆಯಲ್ಲೇ ಗಾಜಿನ ಒಳಮೈಗೆ ಸೆರಾಮಿಕ್ ಬಣ್ಣ ಹಚ್ಚಿ, 600 ಡಿಗ್ರಿಗೂ ಜಾಸ್ತಿ ಕಾವಿನಲ್ಲಿ ಸುಟ್ಟು ಕೂರಿಸಿರುತ್ತಾರೆ. ಗಾಜನ್ನು ಬಾಡಿಗೆ ಹಿಡಿದಿರುವ ಅಂಟು ಬಿಸಿಲಿಗೆ ಹಾಳಾಗಬಾರದು, ಹೊರಗಿನಿಂದ ಕಾಣಲೂಬಾರದು, ಅದಕ್ಕೆ ಆ ಕಪ್ಪು ಪಟ್ಟಿ. ಪಟ್ಟಿ ಮುಗಿಯುವ ಕಡೆ ಚುಕ್ಕೆಗಳು ಸಣ್ಣದಾಗುತ್ತಾ ಹೋಗುತ್ತವೆ. ಫಿಲ್ಮ್ ಇಲ್ಲದ ಜಾಗದಲ್ಲಿ ಉಗುರಿನಿಂದ ಸವರಿ ನೋಡಿ, ಗರಗರ ಅನ್ನುತ್ತದೆ. ಜೋಳ ಹರವಿ ಅದರ ಮೇಲೆ ಚಾದರ ಹಾಸಿದರೆ ಚಾದರ ನೆಲಕ್ಕೆ ತಾಗುತ್ತದಾ? ಇಲ್ಲೂ ಅಷ್ಟೇ. ಫಿಲ್ಮ್ ಚುಕ್ಕೆಗಳ ನೆತ್ತಿ ಮೇಲೆ ನಿಂತಿದೆ, ನಡುವೆ ಗಾಳಿ. ಬೆಳ್ಳಗೆ ಕಾಣುವುದು ಆ ಗಾಳಿ. ಅಂಟಿಸುವಾಗಿನ ನೀರು ಉಳಿದಿದ್ದರೆ ಒಣಗಿ ಹೋಗುತ್ತದೆ, ಅದಕ್ಕೆ ತಿಂಗಳು ಹಿಡಿದರೂ ಹಿಡಿಯಬಹುದು. ಗಾಳಿ ಎಲ್ಲಿಗೆ ಹೋಗಬೇಕು?

ನಾನು ಮಾಡಿದ್ದು ಕೇಳಿ. ಮೊದಲು ಹಳೇ ಎಟಿಎಂ ಕಾರ್ಡಿಗೆ ಬನಿಯನ್ ಬಟ್ಟೆ ಸುತ್ತಿ, ಮನೆಯವಳ ಹೇರ್ ಡ್ರೈಯರ್‌ನಿಂದ ಬಿಸಿ ಮಾಡುತ್ತಾ ಒತ್ತಿದೆ. ಸಣ್ಣ ಚುಕ್ಕೆಗಳ ಕಡೆ ಅರ್ಧಕ್ಕರ್ಧ ಕೂತಿತು. ದೊಡ್ಡವು ಮರುದಿನ ಮಧ್ಯಾಹ್ನದ ಬಿಸಿಲಿಗೆ ಮತ್ತೆ ಎದ್ದವು. ಆಮೇಲೆ ಯಾರೋ ಹೇಳಿದರು ಅಂತ ಫಿಲ್ಮ್ ಕಿತ್ತು, ಚುಕ್ಕೆಗಳನ್ನು ಸ್ಯಾಂಡ್ ಪೇಪರ್‌ನಿಂದ ಉಜ್ಜಿದೆ. ಚುಕ್ಕೆ ತಗ್ಗಿದ್ದು ನಿಜ. ಆದರೆ ಕೈ ಜಾರಿ ಪಕ್ಕದ ಗಾಜಿಗೂ ಗೀರು ಬಿತ್ತು. ಹಗಲು ಗೊತ್ತಾಗುವುದಿಲ್ಲ. ರಾತ್ರಿ ಹುಮನಾಬಾದ್ ರಸ್ತೆಯಲ್ಲಿ ಹಿಂದೆ ಲಾರಿ ಬಂದರೆ ಆ ಗೀರುಗಳೆಲ್ಲ ಬೆಳ್ಳಿ ತಂತಿ ಥರ ಹೊಳೆಯುತ್ತವೆ. ಇವತ್ತಿಗೂ ಕನ್ನಡಿ ನೋಡಿದಾಗೆಲ್ಲ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಹೊಸ ಫಿಲ್ಮ್ ಹಾಕಿದ ಮೇಲೂ ಸ್ವಲ್ಪ ಬಿಳಿ ಉಳಿಯಿತು. ಕೊನೆಗೆ ಹೊರಗಡೆಯಿಂದ ಕಪ್ಪು ವಿನೈಲ್ (ಸ್ಟಿಕರ್ ಥರದ ಪ್ಲಾಸ್ಟಿಕ್ ಹಾಳೆ) ಪಟ್ಟಿ ಅಂಟಿಸಿದೆ. ಹೊರಮೈ ನುಣುಪಾಗಿರುತ್ತದೆ, ಅಂಟುವುದಕ್ಕೆ ತಕರಾರಿಲ್ಲ. ಎರಡು ವರ್ಷ ಆಯಿತು, ಗಟ್ಟಿಯಾಗಿದೆ. ಮೊದಲೇ ಇದನ್ನೇ ಮಾಡಿದ್ದರೆ ಗಾಜು ಉಳಿಯುತ್ತಿತ್ತು.

ಸೇಡಂನಿಂದ:

ಮೇಲಿನ ಅಣ್ಣ ಹೇಳಿದ್ದು ಸರಿ. ನಾನು ಒಂದು ಸೇರಿಸುತ್ತೇನೆ, ಡಿಫಾಗರ್ ಗೆರೆಗಳ ವಿಷಯ, ಅಂದರೆ ಗಾಜು ಬಿಸಿ ಮಾಡಿ ಅದರ ಮೇಲಿನ ಮಂಜು ಬಿಡಿಸುವ ಗೆರೆಗಳು. ಹಿಂದಿನ ಗಾಜಿನ ಒಳಗೆ ಅಡ್ಡಡ್ಡ ಗೆರೆ ಇದ್ದರೆ ಬ್ಲೇಡ್ ತೋರಿಸಲೇಬೇಡಿ. ನಮ್ಮದರಲ್ಲಿ ಉಸ್ತಾದ್ ಹಳೇ ಫಿಲ್ಮಿನ ಅಂಟನ್ನು ಬ್ಲೇಡಿನಲ್ಲಿ ಕೆರೆದ, ನಾಲ್ಕು ಗೆರೆ ಹೋದವು. ಕೇಳಿದರೆ "ಬಿಸಿಲೂರಲ್ಲಿ ಇದು ಯಾಕೆ ಬೇಕಕ್ಕಾ" ಅಂದ! ಜುಲೈ ಮಳೆಯಲ್ಲಿ ಚಿಂಚೋಳಿ ರಸ್ತೆಗೆ ಬಾ ತಮ್ಮಾ, ಯಾಕೆ ಬೇಕು ಅಂತ ತೋರಿಸುತ್ತೇನೆ.

ಕೀಳಲೇಬೇಕಾದರೆ ಬಿಸಿಲಿನ ಕೈಲೇ ಕೆಲಸ ಮಾಡಿಸಿ. ಒಳಗಿನಿಂದ ಫಿಲ್ಮಿಗೆ ಸೋಪಿನ ನೀರು ಸಿಂಪಡಿಸಿ ಕಪ್ಪು ಪ್ಲಾಸ್ಟಿಕ್ ಹಾಳೆ ಅಂಟಿಸಿ. ಹಿಂದಿನ ಗಾಜು ಬಿಸಿಲಿಗೆ ಬರುವ ಹಾಗೆ ಕಾರು ನಿಲ್ಲಿಸಿ. ಒಂದು ತಾಸು ಬಿಟ್ಟು ಮೂಲೆಯಿಂದ ಮೆಲ್ಲಗೆ, ಗೆರೆ ಹೋದ ದಿಕ್ಕಿಗೇ ಎಳೆಯಿರಿ. ಅಂಟು ಮೆತ್ತಗಾಗಿ ಜೊತೆಗೇ ಬರುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಕಡೆ ಇದಕ್ಕೆ ಹೀಟ್ ಗನ್ ಬೇಕಿಲ್ಲ.

ಶಹಾಬಾದಿನಿಂದ, ಫಿಲ್ಮ್ ಹಾಕುವ ಕೆಲಸದವನು:

ಸರ್, ನಮ್ಮವರ ತಪ್ಪೂ ಇದೆ. ಈ ಬಿಳಿ ಪಟ್ಟಿ ಬರುತ್ತದೆ ಅಂತ ಮೊದಲೇ ಹೇಳಬೇಕು, ಗಿರಾಕಿ ಹೋಗಿಬಿಡುತ್ತಾನೆ ಅಂತ ಹೇಳುವುದಿಲ್ಲ. ನಾನು ಈಗ ಎರಡು ದಾರಿ ಹೇಳುತ್ತೇನೆ. ಫಿಲ್ಮನ್ನು ಚುಕ್ಕೆ ಶುರುವಾಗುವಲ್ಲಿಗೇ ಕತ್ತರಿಸಿ ನಿಲ್ಲಿಸುವುದು, ಇಲ್ಲ ಫಿಲ್ಮ್ ಹಾಕುವ ಮೊದಲು ಚುಕ್ಕೆಗಳ ನಡುವಿನ ಸಂದಿಗೆ ಕಪ್ಪು ಬಣ್ಣ ತುಂಬುವುದು. ನಿಮ್ಮದು ಹಾಕಿ ಆಗಿದೆ, ಹಾಗಾಗಿ ವಿನೈಲ್ ಒಳ್ಳೆಯದು. ಫಿಲ್ಮ್ ಕಪ್ಪಾದಷ್ಟೂ ಪಟ್ಟಿ ಎದ್ದು ಕಾಣುತ್ತದೆ, ತಿಳಿ ಫಿಲ್ಮಿನಲ್ಲಿ ಅಷ್ಟು ಗೊತ್ತಾಗುವುದಿಲ್ಲ.

ಇನ್ನು ಕೆಲಸ ಬೆಳಿಗ್ಗೆ, ನೆರಳಲ್ಲಿ ಮಾಡಿಸಿ. ಫಿಲ್ಮ್ ಅಂಟಿಸಲು ಸಿಂಪಡಿಸುವ ಶಾಂಪೂ ನೀರು ಮಧ್ಯಾಹ್ನದ ಬಿಸಿಲಲ್ಲಿ ಫಿಲ್ಮ್ ಒತ್ತುವ ಮೊದಲೇ ಆರಿಹೋಗುತ್ತದೆ. ಧೂಳಿನ ಕಥೆ ಬೇರೆ ಹೇಳಬೇಕಾ, ಅದೂ ನಮ್ಮ ಕಲ್ಲಿನ ಊರಲ್ಲಿ!

ಕಾನೂನಿನ ಮಾತೂ ನೆನಪಿರಲಿ. 2012ರಲ್ಲಿ ಸುಪ್ರೀಂ ಕೋರ್ಟ್ ಫಿಲ್ಮನ್ನೇ ಬೇಡ ಅಂದಿತ್ತು. 2021ರ ಏಪ್ರಿಲ್‌ನಿಂದ ನಿಯಮ ಬದಲಾಯಿತು, ಅದನ್ನೇ ಹಿಡಿದು 2024ರಲ್ಲಿ ಕೇರಳ ಹೈಕೋರ್ಟ್ ನಿಯಮದೊಳಗಿನ ಫಿಲ್ಮ್ ನಡೆಯುತ್ತದೆ ಅಂದಿತು. ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70, ಬದಿಯ ಗಾಜಿನಲ್ಲಿ ಕನಿಷ್ಠ ಶೇ 50 ಬೆಳಕು ದಾಟಬೇಕು. ಬಿಲ್ಲಿನಲ್ಲಿ ಈ ಅಂಕಿ ಬರೆಸಿಕೊಂಡು ಕಾರಿನಲ್ಲೇ ಇಡಿ. ಪೊಲೀಸರು ಕೈ ಅಡ್ಡ ಹಾಕಿದಾಗ ಸುಮ್ನೆ ವಾದ ಮಾಡುವುದಕ್ಕಿಂತ ಕಾಗದ ತೋರಿಸುವುದು ಸಲೀಸು.

ಕೇಳಿದವರು:

ಎಲ್ಲರಿಗೂ ಶರಣು. ಫಿಲ್ಮ್ ಅಂಚು ಮುಗಿಯುವಲ್ಲಿ ಉಗುರಿನಿಂದ ಸವರಿದೆ, ಗರಗರ ಅಂದಿತು. ತಿಂಗಳು ತುಂಬುವವರೆಗೆ ಮುಟ್ಟುವುದಿಲ್ಲ. ಆ ವಿನೈಲ್ ನಮ್ಮೂರ ಸೂಪರ್ ಮಾರ್ಕೆಟ್ ಏರಿಯಾ ಕಡೆ ಸಿಗುತ್ತದಾ?

ಜೇವರ್ಗಿ ರಸ್ತೆಯಿಂದ:

ಇಡೀ ರೋಲ್ ತಗೊಳ್ಳಬೇಡಿ, ದುಡ್ಡು ದಂಡ. ನಂಬರ್ ಪ್ಲೇಟ್ ಮಾಡುವ ರೇಡಿಯಂ ಅಂಗಡಿಯಲ್ಲಿ ತುಂಡು ಕೇಳಿ, ಅಳತೆಗೆ ಕತ್ತರಿಸಿ ಕೊಡುತ್ತಾರೆ. ಹೊಳೆಯುವ ಕಪ್ಪೇ ಬೇಕು ಅನ್ನಿ. ಮ್ಯಾಟ್ ಹಾಕಿದರೆ ತೇಪೆ ಹಚ್ಚಿದ ಹಾಗೆ ಕಾಣುತ್ತದೆ.