ಪದ ಬೇಕು: ‘ಓವನ್ ಕ್ಯಾಲಿಬ್ರೇಶನ್’ಗೆ ಏನನ್ನೋಣ?

ಸಾಗರದಿಂದ:
ನಮಸ್ಕಾರ. ಓವನ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ‘ಓವನ್ ಕ್ಯಾಲಿಬ್ರೇಶನ್’ ಎಂಬ ತಲೆಬರಹಕ್ಕೆ ‘ಮಾಪನಾಂಕ ನಿರ್ಣಯ’ ನಡೆಯುತ್ತದಾ? ಇಲ್ಲಾ ‘ಶಾಖ ಸರಿಪಡಿಸುವಿಕೆ’ ಸಾಕಾ?

ತೀರ್ಥಹಳ್ಳಿಯಿಂದ:
ಎರಡೂ ಬೇಡ. ಮೊದಲನೆಯದನ್ನು ಓದಿದರೆ ಪರೀಕ್ಷೆಗೆ ಅಂಕ ಹಾಕುತ್ತಿದ್ದಾರೇನೋ ಅನ್ನಿಸುತ್ತದೆ. ಎರಡನೆಯದು ಅರ್ಥದಲ್ಲೇ ತಪ್ಪು. ಅಳತೆಶಾಸ್ತ್ರದವರಿಗೆ ಕ್ಯಾಲಿಬ್ರೇಶನ್ ಅಂದರೆ ಹೋಲಿಸಿ, ಎಷ್ಟು ವ್ಯತ್ಯಾಸ ಅಂತ ಗುರುತಿಸುವುದು, ಅಷ್ಟೇ. ತಿದ್ದುವುದು ಬೇರೆ ಕೆಲಸ.

ಕೈಪಿಡಿಯಲ್ಲಿ ಎರಡೂ ಇರುತ್ತದೆ, ಅಲ್ವಾ? ನಡುವಿನ ಜಾಲರಿ ಮೇಲೆ ಬೇರೆ ಥರ್ಮಾಮೀಟರ್ ಇಡಬೇಕು. 180ಕ್ಕೆ ತಿರುಗಿಸಿ ಅರ್ಧ ಗಂಟೆ ಕಾಯಬೇಕು. ಕಾವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್, ಬಿಸಿ ಮಾಡುವ ಕಾಯಿಲನ್ನು ಹಚ್ಚುತ್ತಾ ಆರಿಸುತ್ತಾ ಇರುವುದರಿಂದ ಕಾವು ಏರಿಳಿಯುತ್ತದೆ. ಒಂದೇ ಸಲ ನೋಡಿ ನಂಬುವ ಹಾಗಿಲ್ಲ. ನಾಲ್ಕೈದು ಸಲ ನೋಡಿ ಸರಾಸರಿ ತೆಗೆಯಬೇಕು. ಬಾಗಿಲು ತೆರೆಯದೆ ಗಾಜಿನಿಂದಲೇ ನೋಡಬೇಕು. ಇದಕ್ಕೆ ನಮ್ಮಲ್ಲಿ ‘ತಾಳೆ ನೋಡುವುದು’ ಅಂತ ಮಾತಿದೆ. ಸರಾಸರಿ 165 ಬಂದರೆ 15 ಡಿಗ್ರಿ ಕಮ್ಮಿ. ಅಷ್ಟನ್ನು ಸೆಟ್ಟಿಂಗ್‌ನಲ್ಲೋ ನಾಬಿನಲ್ಲೋ ಹೊಂದಿಸುವುದು ‘ತಿದ್ದುವುದು’. ಹಾಗಾಗಿ ‘ಓವನ್ ಕಾವು: ತಾಳೆ ನೋಡಿ ತಿದ್ದುವುದು’ ಅಂತ ಹಾಕಿ.

ಇನ್ನೊಂದು. ಕಡ್ಡಿ ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಪರೀಕ್ಷಿಸಿ ಅಂತ ಇದ್ದರೆ ಕಣ್ಣುಮುಚ್ಚಿ 100 ಅಂತ ಬರೆಯಬೇಡಿ. ಆಗುಂಬೆಯ ಎತ್ತರದಲ್ಲಿ ನೀರು ಸುಮಾರು 98ಕ್ಕೇ ಕುದಿಯುತ್ತದೆ.

ಶಿವಮೊಗ್ಗದಿಂದ:
‘ಕಾವು’ ಒಪ್ಪಿದೆ. ‘ಕಾಯ್’ ಇಂದ ಬಂದ ಅಚ್ಚಕನ್ನಡ ಪದ. ಅದರ ಪಕ್ಕಕ್ಕೆ ‘ಓವನ್’ ಯಾಕೆ ಅಂಟಿಸುತ್ತೀರಿ? ‘ಒಲೆ’ ಸತ್ತುಹೋಗಿದೆಯಾ? ‘ಕಾಯೊಲೆ’ ಅನ್ನಿ. ಹೀಗೆ ಸಾಲ ತರುತ್ತಾ ಹೋದರೆ ಕೊನೆಗೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ತೀರ್ಥಹಳ್ಳಿಯಿಂದ:
‘ಕಾಯೊಲೆ’ಯನ್ನು ಜನ ‘ಕಾಯಿಲೆ’ ಅಂತ ಓದುತ್ತಾರೆ ಮಾರಾಯ್ರೇ! ಒಲೆ ಅಂದರೆ ಮಲೆನಾಡಿನಲ್ಲಿ ಅಡಿಕೆ ಬೇಯಿಸುವ ಹಂಡೆ ಕೂರುವ ಜಾಗ. ಅದರೊಳಗೆ ಕೇಕ್ ಇಟ್ಟರೆ ಬೂದಿಯಾಗುತ್ತದೆ. ಸಾಲದ ಮಾತಿಗೆ ಬಂದರೆ, ‘ಕುರ್ಚಿ’ ಅರಬ್ಬಿ ಮೂಲದ್ದು. ಅದರ ಮೇಲೆ ಕೂತೇ ಇದನ್ನು ಬರೆದಿರುತ್ತೀರಿ.

ಶಿವಮೊಗ್ಗದಿಂದ:
ನಾನು ಚಾಪೆ ಮೇಲೆ ಕೂತಿದ್ದೇನೆ.

ಸಾಗರದಿಂದ:
‘ತಾಳೆ ನೋಡಿ ತಿದ್ದುವುದು’ ಹಾಕಿದೆ, ‘ಓವನ್’ ಹಾಗೇ ಇದೆ. ಈಗ ‘ಆಫ್‌ಸೆಟ್’ಗೆ, ಅಂದರೆ ತಿದ್ದಲು ಕೂಡಿಸುವ ಇಲ್ಲಾ ಕಳೆಯುವ ಆ ಡಿಗ್ರಿಗಳಿಗೆ, ಒಂದು ಪದ ಹೇಳಿ. ಗುಂಡಿಯ ಮೇಲೆ ನಾಲ್ಕೇ ಅಕ್ಷರಕ್ಕೆ ಜಾಗ.