ಸಹಾಯ ಬೇಕು: ‘ಬರ್ಡ್‌ಸೀಡ್’ಗೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ. ಮಗಳ ಶಾಲೆಗಾಗಿ ಇಂಗ್ಲಿಷ್‌ನ ಒಂದು ಪುಟ್ಟ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಅಜ್ಜಿ ದಿನಾ ಬೆಳಿಗ್ಗೆ ಕಿಟಕಿ ಹತ್ತಿರ ಹಕ್ಕಿಗಳಿಗೆ ತಿನ್ನಲು ‘ಬರ್ಡ್‌ಸೀಡ್’ ಹಾಕುತ್ತಾಳೆ. ನಾನು ‘ಹಕ್ಕಿ ಬೀಜ’ ಅಂತ ಬರೆದೆ. ಮಗಳು ಓದಿ, "ಅಮ್ಮಾ, ಇದನ್ನು ಬಿತ್ತಿದರೆ ಹಕ್ಕಿ ಹುಟ್ಟುತ್ತಾ?" ಅಂದಳು. ಅವಳು ಕೇಳಿದ್ದು ಸರಿ. ಬಿತ್ತುವುದು ಬೀಜ, ತಿನ್ನುವುದು ಕಾಳು, ಅಲ್ವಾ?

ಅಂಗಡಿಯಿಂದ ತಂದ ಪೊಟ್ಟಣ ಬಿಚ್ಚಿ ತಟ್ಟೆಗೆ ಸುರಿದು ನೋಡಿದೆ. ನವಣೆ, ಸಜ್ಜೆ, ನಡುವೆ ಕಪ್ಪು ಸೂರ್ಯಕಾಂತಿ. ಸೂರ್ಯಕಾಂತಿಯನ್ನು ಮಾತ್ರ ನಾವು ಬೀಜ ಅನ್ನುತ್ತೇವೆ, ಉಳಿದದ್ದೆಲ್ಲ ಕಾಳೇ. ಹಾಗಾಗಿ ‘ಹಕ್ಕಿ ಕಾಳು’ ಸರಿ ಅನಿಸುತ್ತಿದೆ. ‘ಗುಟುಕು’ ತುಂಬಾ ಚೆಂದದ ಪದ, ಆದರೆ ಅದು ತಾಯಿ ಹಕ್ಕಿ ಮರಿಯ ಬಾಯಿಗೆ ಇಡುವುದು.

ಇನ್ನೊಂದು ವಿಷಯ. ಇಂಗ್ಲಿಷ್‌ನಲ್ಲಿ ಒಂದು ಮೂಟೆ ಇದ್ದರೂ ಸಾಮಾನ್ಯವಾಗಿ ‘ಬರ್ಡ್‌ಸೀಡ್’ ಅಂತ ಏಕವಚನದಲ್ಲೇ ಹೇಳುತ್ತಾರೆ, ನಮ್ಮ ಅಕ್ಕಿ ಥರ. ಕನ್ನಡದಲ್ಲೂ ‘ಕಾಳು ಹಾಕಿದಳು’ ಸಾಕಾ, ‘ಕಾಳುಗಳನ್ನು’ ಬೇಕಾ? ನಿಮ್ಮೂರಲ್ಲಿ ಇದಕ್ಕೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ. ಶುಕ್ರವಾರ ಕಥೆ ಕೊಡಬೇಕು.